ಹೈಪೋಪ್ರೋಟೀನೀಮಿಯಾ: ರಕ್ತದಲ್ಲಿ ಪ್ರೋಟೀನ್ ಕಮ್ಮಿ ಅಂದರೆ ಏನು?

ಲಿವರ್ ಫಂಕ್ಷನ್ ಟೆಸ್ಟ್ ರಿಪೋರ್ಟ್ ಕೈಗೆ ಬಂದಾಗ ಹೆಚ್ಚಿನವರು ಬಿಲಿರುಬಿನ್, ಎಸ್‌ಜಿಪಿಟಿ ನೋಡಿ ಮಡಚಿಡುತ್ತಾರೆ. ಅದೇ ಹಾಳೆಯಲ್ಲಿ ಟೋಟಲ್ ಪ್ರೋಟೀನ್, ಮತ್ತೆ ಅದರೊಳಗಿನ ಎರಡು ಮುಖ್ಯ ಬಗೆಗಳಾದ ಆಲ್ಬುಮಿನ್, ಗ್ಲಾಬ್ಯುಲಿನ್ ಅಂತಲೂ ಸಾಲುಗಳಿರುತ್ತವೆ. ದೊಡ್ಡವರಲ್ಲಿ ಟೋಟಲ್ ಪ್ರೋಟೀನ್ 100 ಎಂ.ಎಲ್. ರಕ್ತಕ್ಕೆ ಸುಮಾರು 6ರಿಂದ 8.3 ಗ್ರಾಂ ಇರಬೇಕು. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಡಾಕ್ಟರು ಹೇಳುವ ಹೆಸರೇ ಹೈಪೋಪ್ರೋಟೀನೀಮಿಯಾ. ಆಲ್ಬುಮಿನ್ ಒಂದೇ ಕಮ್ಮಿಯಾದರೆ (ಸಾಮಾನ್ಯವಾಗಿ 3.5ಕ್ಕಿಂತ ಕೆಳಗೆ) ಹೈಪೋಆಲ್ಬುಮಿನೀಮಿಯಾ.

ಹೆಸರು ಕೇಳಿದ ತಕ್ಷಣ ಮನೆಯವರು ಮಾಡುವ ಮೊದಲ ಕೆಲಸ ಪ್ರೋಟೀನ್ ಪೌಡರ್ ಡಬ್ಬಿ ತರುವುದು. ಸ್ವಲ್ಪ ತಡೀರಿ. ಇದು ಕಾಯಿಲೆಯಲ್ಲ, ಒಳಗೆ ಬೇರೇನೋ ಆಗಿದೆ ಅನ್ನುವ ಸುಳಿವು. ನಾವು ತಿಂದ ಬೇಳೆ, ಮೊಟ್ಟೆಯ ಪ್ರೋಟೀನ್ ಹಾಗೇ ಹೋಗಿ ರಕ್ತದಲ್ಲಿ ಕೂರುವುದಿಲ್ಲ. ಅದು ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ, ಅವುಗಳಿಂದ ಲಿವರ್ ಹೊಸದಾಗಿ ಆಲ್ಬುಮಿನ್ ತಯಾರಿಸುತ್ತದೆ. ಹಾಗಾಗಿ ಕೇಳಬೇಕಾದ್ದು ಎರಡು ಪ್ರಶ್ನೆ: ತಯಾರಾಗುತ್ತಿಲ್ಲವಾ, ಇಲ್ಲಾ ತಯಾರಾದದ್ದು ಎಲ್ಲಾದರೂ ಸೋರಿಹೋಗುತ್ತಿದೆಯಾ?

ಸೋರುವ ಜಾಗ ಹೆಚ್ಚಾಗಿ ಕಿಡ್ನಿ. ಆರೋಗ್ಯವಾಗಿರುವ ಕಿಡ್ನಿ ಪ್ರೋಟೀನನ್ನು ಹೊರಗೆ ಬಿಡುವುದೇ ಇಲ್ಲ ಅನ್ನಬಹುದು. ನೆಫ್ರೋಟಿಕ್ ಸಿಂಡ್ರೋಮ್ ಇದ್ದವರಲ್ಲಿ ಅದರ ಜರಡಿ ಕೆಟ್ಟು ದಿನಕ್ಕೆ 3.5 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತದೆ. ಮೂತ್ರದ ಮೇಲೆ ನೊರೆ ಕಟ್ಟಿ, ಎಷ್ಟು ಹೊತ್ತಾದರೂ ಒಡೆಯದೆ ನಿಲ್ಲುತ್ತದೆ. ಮಕ್ಕಳಾದರೆ ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿರುತ್ತದೆ, ಅಪ್ಪ ಅಮ್ಮ ಅಲರ್ಜಿ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಒಂದು ಸಾದಾ ಯೂರಿನ್ ಟೆಸ್ಟ್‌ನಲ್ಲೇ ಇದರ ಸುಳಿವು ಸಿಗುತ್ತದೆ. ಕರುಳಿನಿಂದಲೂ ಸೋರಬಹುದು, ದೊಡ್ಡ ಸುಟ್ಟಗಾಯದಿಂದಲೂ.

ತಯಾರಾಗದಿರುವುದಕ್ಕೆ ಮುಖ್ಯ ಕಾರಣ ಲಿವರ್ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ. ಆದರೆ ಆಲ್ಬುಮಿನ್ ರಕ್ತದಲ್ಲಿ ಸರಿಸುಮಾರು 20 ದಿನಕ್ಕೆ ಅರ್ಧದಷ್ಟು ಕರಗುವಂಥದ್ದು. ಅದಕ್ಕೇ ಲಿವರ್‌ಗೆ ದಿಢೀರ್ ಪೆಟ್ಟು ಬಿದ್ದಾಗ ಮೊದಲ ದಿನಗಳ ರಿಪೋರ್ಟ್ ಚೆನ್ನಾಗೇ ಕಾಣಬಹುದು. ಇನ್ನು ಜೋರು ಇನ್‌ಫೆಕ್ಷನ್ ಇದ್ದಾಗ ಲಿವರ್ ಚೆನ್ನಾಗಿದ್ದರೂ ಆಲ್ಬುಮಿನ್ ಇಳಿಯುತ್ತದೆ. ಬಸುರಿಯರಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಸ್ವಲ್ಪ ಕಮ್ಮಿ ಬರುವುದು ಸಹಜ.

ಊತ ಯಾಕೆ ಬರುತ್ತದೆ ಅಂದರೆ, ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಆಲ್ಬುಮಿನ್‌ನದು, ಅದು ಕಮ್ಮಿಯಾದಾಗ ನೀರು ಹೊರಗೆ ಜಿನುಗಿ ಕಾಲಲ್ಲಿ, ಹೊಟ್ಟೆಯಲ್ಲಿ, ಕೆಲವೊಮ್ಮೆ ಶ್ವಾಸಕೋಶದ ಸುತ್ತ ನಿಲ್ಲುತ್ತದೆ. ಕಣಕಾಲಿನ ಮುಂದಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಕೆಲವು ಸೆಕೆಂಡ್ ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ನೀರು ತುಂಬಿದೆ ಅಂತ. ಇದಕ್ಕೆ ಹೃದಯದ ತೊಂದರೆಯೂ ಕಾರಣ ಇರಬಹುದು, ಅದನ್ನು ಮರೆಯಬಾರದು.

ಊಟದ ಕೊರತೆಯಿಂದ ಬರುವುದೇ ಇಲ್ಲ ಅಂತಲ್ಲ. ಮಕ್ಕಳಲ್ಲಿ ಊತದ ಜೊತೆ ಬರುವ ತೀವ್ರ ಅಪೌಷ್ಟಿಕತೆ, ಕ್ವಾಷಿಯಾರ್ಕರ್, ಅದರ ಪ್ರಸಿದ್ಧ ಉದಾಹರಣೆ. ಈಗಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಡಾ. ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಮುಂದಿನ ಮಗು ಹುಟ್ಟಿದಾಗ ಎದೆಹಾಲು ಬಿಟ್ಟ ದೊಡ್ಡ ಮಗುವಿಗೆ ಬರುವ ಕಾಯಿಲೆ ಅಂತ ಅಲ್ಲಿನ ಜನ ಹೇಳುತ್ತಿದ್ದರು. ಊತದಿಂದಾಗಿ ಮಗು ದುಂಡಗೆ ಕಾಣುತ್ತದೆ, ನೋಡಿದವರು ಮೋಸ ಹೋಗುತ್ತಾರೆ.

ಚಿಕಿತ್ಸೆ ಕಾರಣ ನೋಡಿಕೊಂಡೇ. ಸಿರೋಸಿಸ್ ಇರುವವರಿಗೆ ಹಿಂದೆ ಪ್ರೋಟೀನ್ ಬಿಡಿಸುತ್ತಿದ್ದರು, ಈಗ ದಿನಕ್ಕೆ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ತಿನ್ನಿ ಅನ್ನುತ್ತಾರೆ. ನೆಫ್ರೋಟಿಕ್ ಇದ್ದವರಿಗೆ ಜಾಸ್ತಿ ಪ್ರೋಟೀನ್ ತಿನ್ನಿಸಿದರೆ ಮೂತ್ರದಲ್ಲಿ ಇನ್ನಷ್ಟು ಹೋಗುತ್ತದೆ ಅಷ್ಟೇ. ಆಲ್ಬುಮಿನ್ ಬಾಟಲಿ ಏರಿಸಿದರೂ ಅಷ್ಟೇ, ಸೋರಿಕೆ ನಿಲ್ಲದಿದ್ದರೆ ಅದೂ ಬೇಗ ಹೊರಗೆ. ಅದು ನಿಜಕ್ಕೂ ಉಪಯೋಗಕ್ಕೆ ಬರುವ ಸಂದರ್ಭಗಳು ಬೇರೆ. ಸಿರೋಸಿಸ್‌ನಲ್ಲಿ ಹೊಟ್ಟೆಯಿಂದ ಒಂದೇ ಸಲಕ್ಕೆ 5 ಲೀಟರ್‌ಗಿಂತ ಹೆಚ್ಚು ನೀರು ತೆಗೆದಾಗ ಕೊಡುವುದು ಅಂಥದ್ದೊಂದು.

ಇನ್ನೊಂದು ಮಾತು. ಟೋಟಲ್ ಪ್ರೋಟೀನ್ ನಾರ್ಮಲ್ ಇದೆ ಅಂತ ಆಲ್ಬುಮಿನ್ ಸಾಲು ಬಿಡಬೇಡಿ. ಆಲ್ಬುಮಿನ್ ಇಳಿದು ಗ್ಲಾಬ್ಯುಲಿನ್ ಏರಿದ್ದರೂ ಒಟ್ಟು ಸರಿಯಾಗೇ ಕಾಣುತ್ತದೆ. ಮಲ್ಟಿಪಲ್ ಮೈಲೋಮಾದಂಥ ರಕ್ತದ ಕ್ಯಾನ್ಸರಿನಲ್ಲಿ ಹೀಗಾಗುವುದುಂಟು.