ಮೊದಲು ಊರು, ಆಮೇಲೆ ಹೆಸರು: ಜರ್ಮನ್ ಪೂರ್ವಜರನ್ನು ಹುಡುಕುವವರಿಗೆ ಟಿಪ್ಪಣಿ

ಅಭ್ಯಾಸಕ್ಕೆ ನಾನು ಹಿಡಿದದ್ದು ನಮ್ಮ ಕಿಟೆಲ್ ಅವರನ್ನೇ. 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯುವ್ಯ ಮೂಲೆಯ ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತೀರಿಕೊಂಡದ್ದು 1903ರಲ್ಲಿ, ದಕ್ಷಿಣದ ಟ್ಯೂಬಿಂಗನ್‌ನಲ್ಲಿ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಮಾಡಿದ ಹಾಗೆ. ಎಲ್ಲಿ ತಪ್ಪಿದೆವು ಅಂತ ತಕ್ಷಣ ತಿಳಿಯುತ್ತದೆ.

ಈ ಒಬ್ಬರ ಹುಟ್ಟು, ಸಾವು ಎರಡೂ ಒಂದೇ ಬಗೆಯ ಪುಸ್ತಕದಲ್ಲಿ ಸಿಗುವುದಿಲ್ಲ. ಸರ್ಕಾರವೇ ಹುಟ್ಟು, ಮದುವೆ, ಸಾವು ಬರೆದಿಡುವ ಪದ್ಧತಿ ಆಗಿನ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದಲ್ಲಿ ಬಂದದ್ದು 1874ರ ಅಕ್ಟೋಬರ್‌ನಲ್ಲಿ, ಇಡೀ ದೇಶಕ್ಕೆ 1876ರ ಜನವರಿಯಲ್ಲಿ. ಆ ಕಚೇರಿಯ ಹೆಸರು ಸ್ಟಾಂಡೆಸಾಮ್ಟ್. ಅದಕ್ಕೂ ಹಿಂದಿನವರಿಗೆ ಹೆಚ್ಚಿನ ಕಡೆ ಚರ್ಚಿನ ಪುಸ್ತಕವೇ ಗತಿ. ಹಾಗಾಗಿ ಕಿಟೆಲ್ ಹುಟ್ಟಿಗೆ ಚರ್ಚು, ಸಾವಿಗೆ ಸ್ಟಾಂಡೆಸಾಮ್ಟ್.

ಈ ಎರಡೂ ಊರೂರಿಗೆ ಬೇರೆ ಬೇರೆ. ಹಳೆಯ ಕಾಲದವರೆಲ್ಲ ಒಂದೇ ಕಡೆ ಸಿಗುವ ಪಟ್ಟಿ ಜರ್ಮನಿಯಲ್ಲಿ ಇಲ್ಲ. 'ಮ್ಯೂಲರ್ ಮನೆತನ, ಜರ್ಮನಿ' ಅಂತ ಹುಡುಕುವುದು 'ಗೌಡರ ಮನೆ, ಮಂಡ್ಯ ಕಡೆ' ಅಂತ ಹುಡುಕಿದ ಹಾಗೆ. ಊರು ಗೊತ್ತಿಲ್ಲದಿದ್ದರೆ ಜರ್ಮನಿಯ ದಾಖಲೆಗೆ ಕೈ ಹಾಕಲೇಬೇಡಿ. ಮೊದಲು ಆ ಪೂರ್ವಜ ಹೋಗಿ ನೆಲೆಸಿದ ದೇಶದಲ್ಲೇ ನೋಡಿ: ಅಲ್ಲಿನ ಚರ್ಚಿನ ಮದುವೆ ದಾಖಲೆ, ಪೌರತ್ವದ ಕಾಗದ, ಸಮಾಧಿ ಕಲ್ಲು. ಹಡಗು ಹತ್ತಿದ್ದು ಹ್ಯಾಂಬರ್ಗ್‌ನಲ್ಲಾದರೆ ಅದೃಷ್ಟ. 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿ ಉಳಿದಿದೆ, ಊರೂ ಬರೆದಿರುತ್ತದೆ. ಬ್ರೆಮನ್ ಆದರೆ ಕಷ್ಟ. ಅಲ್ಲಿನ ಹಳೆಯ ಪಟ್ಟಿಗಳಲ್ಲಿ ಬಹುಪಾಲು ನಾಶವಾಗಿವೆ.

ಊರು ಸಿಕ್ಕಿತು ಅಂದುಕೊಳ್ಳಿ. ನಾಯ್‌ಸ್ಟಾಟ್ ಅಂತಿದ್ದರೆ ಖುಷಿಪಡಬೇಡಿ, ನಮ್ಮ 'ಹೊಸೂರು' ಎಷ್ಟಿವೆಯೋ ಅವೂ ಹಾಗೇ. 1912ರ ಮೇಯರ್ಸ್ ಗೆಜೆಟಿಯರ್, ಅಂದರೆ ಊರುಗಳ ಕೋಶ, ಈಗ ಅಂತರ್ಜಾಲದಲ್ಲಿದೆ. ಯಾವ ಹಳ್ಳಿ ಯಾವ ಸ್ಟಾಂಡೆಸಾಮ್ಟ್‌ಗೆ ಸೇರಿತ್ತು ಅಂತ ಅದರಲ್ಲಿ ಸಿಗುತ್ತದೆ. ಆಮೇಲೆ ಚರ್ಚಿನ ಪುಸ್ತಕ: ಪ್ರೊಟೆಸ್ಟೆಂಟರದಾದರೆ ಆರ್ಖಿಯೋನ್ ಜಾಲತಾಣ, ದುಡ್ಡು ಕೊಡಬೇಕು. ಕ್ಯಾಥೊಲಿಕರದಾದರೆ ಮಾಟ್ರಿಕುಲಾ, ಪುಕ್ಕಟೆ. ಎಲ್ಲ ಊರಿನ ಪುಸ್ತಕವೂ ಅಲ್ಲಿರುತ್ತದೆ ಅನ್ನುವ ಹಾಗಿಲ್ಲ.

ಪುಸ್ತಕ ತೆರೆದರೆ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ. ಬೆಳಗಾವಿ ಕಡೆಯ ಹಳೇ ಮೋಡಿ ಲಿಪಿಯ ಕಾಗದ ನೋಡಿದವರಿಗೆ ಈ ಗಾಬರಿ ಪರಿಚಯ ಇರುತ್ತದೆ. 'ಇ' (e) ಅಕ್ಷರ ಥೇಟ್ 'ಎನ್' (n) ತರಹ. 'ಯು'ಗೂ (u) 'ಎನ್'ಗೂ ಇರುವ ವ್ಯತ್ಯಾಸ ತಲೆ ಮೇಲಿನ ಒಂದು ಸಣ್ಣ ಕೊಂಕು ಅಷ್ಟೇ. ನಾನು ಮೊದಲ ಪುಟಕ್ಕೆ ಎರಡು ಸಂಜೆ ಕಳೆದೆ, ಅದರಲ್ಲೂ ಒಂದು ಹೆಸರು ತಪ್ಪೇ ಓದಿದ್ದೆ. ಪುಟದಲ್ಲಿರುವ ತಿಂಗಳ ಹೆಸರುಗಳಿಂದ ಶುರು ಮಾಡಿ. ಗೊತ್ತಿರುವ ಪದದ ಅಕ್ಷರ ಒಂದೊಂದಾಗಿ ಕಾಗದಕ್ಕೆ ಇಳಿಸಿಕೊಳ್ಳಿ, ನಿಮ್ಮದೇ ಅಕ್ಷರಮಾಲೆ ತಯಾರಾಗುತ್ತದೆ. ದೀಕ್ಷಾಸ್ನಾನದ ದಾಖಲೆಯಲ್ಲಿ ಮಗುವಿನ ಧರ್ಮಪಿತ, ಧರ್ಮಮಾತೆಯರ ಹೆಸರು ಬಿಡಬೇಡಿ. ಅವರು ಎಷ್ಟೋ ಸಲ ಸೋದರಮಾವ, ಅತ್ತೆ, ಚಿಕ್ಕಪ್ಪಂದಿರೇ.

ಪೂರ್ವ ಫ್ರೀಸಿಯಾದಲ್ಲಿ ಇನ್ನೊಂದು ತಮಾಷೆ ಇದೆ. ಅಲ್ಲಿ ಬಹಳ ಜನರಿಗೆ ಮನೆತನದ ಹೆಸರೇ ಇರಲಿಲ್ಲ. ಯಾನ್ ಮಗ ಯಾನ್‌ಸನ್, ಅವನ ಮಗನಿಗೆ ಮತ್ತೆ ಬೇರೆ ಹೆಸರು. 1811ರಲ್ಲಿ ನೆಪೋಲಿಯನ್ ಆಡಳಿತ ಕಾಯಂ ಹೆಸರು ಇಟ್ಟುಕೊಳ್ಳಿ ಅಂತ ಆಜ್ಞೆ ಹೊರಡಿಸಿತು. ಅಪ್ಪನ ಹೆಸರನ್ನೇ ಇನಿಷಿಯಲ್ ಮಾಡಿಕೊಳ್ಳುವ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ? ಪಶ್ಚಿಮ ಜರ್ಮನಿಯ ವೆಸ್ಟ್‌ಫೇಲಿಯಾದಲ್ಲಿ ಇನ್ನೂ ಮಜಾ: ಹೊಲಮನೆಗೆ ಅಳಿಯನಾಗಿ ಬಂದವನು ಆ ಮನೆಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ.

ಬದುಕಿರುವ ನೆಂಟರನ್ನು ಹುಡುಕುವುದು ಬೇರೆಯೇ ಕೆಲಸ. ಸತ್ತವರಿಗಾಗಿ ಹಿಂದಕ್ಕೆ ಹೋದಿರಿ, ಈಗ ಅಜ್ಜನ ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು ಅಂತ ಕೆಳಗೆ ಇಳಿಯಬೇಕು. ಇಲ್ಲಿ ಕಾನೂನು ಅಡ್ಡ ಬರುತ್ತದೆ. ಹುಟ್ಟಿನ ದಾಖಲೆ 110 ವರ್ಷ, ಮದುವೆಯದು 80, ಸಾವಿನದು 30 ವರ್ಷ ಎಲ್ಲರಿಗೂ ಮುಕ್ತ ಅಲ್ಲ. ಹಾಗಾಗಿ ಸಾವಿನ ದಾಖಲೆಯಿಂದಲೇ ಹೆಚ್ಚು ಹತ್ತಿರ ಬರಬಹುದು. ಸ್ಮಶಾನಕ್ಕೆ ಹೋದರೆ ಹಳೇ ಕಲ್ಲು ಸಿಗುತ್ತದೆ ಅಂತ ನಂಬಬೇಡಿ. ಅಲ್ಲಿ ಸಮಾಧಿ ಜಾಗ ಸಾಮಾನ್ಯವಾಗಿ ಇಪ್ಪತ್ತು–ಮೂವತ್ತು ವರ್ಷದ ಬಾಡಿಗೆಗೆ. ಮುಂದುವರಿಸುವವರು ಇಲ್ಲದಿದ್ದರೆ ಕಲ್ಲು ತೆಗೆದುಬಿಡುತ್ತಾರೆ. ಪತ್ರಿಕೆಯ ಸಾವಿನ ಜಾಹೀರಾತು ಇದಕ್ಕಿಂತ ಮೇಲು; ಉಳಿದಿರುವ ಮಕ್ಕಳು, ಮೊಮ್ಮಕ್ಕಳ ಹೆಸರು ಅಲ್ಲೇ ಇರುತ್ತದೆ.

ಹೆಸರು ಮತ್ತು ಹಳೆಯ ವಿಳಾಸ ಗೊತ್ತಿದ್ದರೆ ಆ ಊರಿನ ನಿವಾಸಿ ನೋಂದಣಿ ಕಚೇರಿಗೆ ಬರೆಯಿರಿ. ಜರ್ಮನಿಯಲ್ಲಿ ಮನೆ ಬದಲಿಸಿದವರು ಹೊಸ ವಿಳಾಸ ನೋಂದಾಯಿಸಲೇಬೇಕು. ಆ ವ್ಯಕ್ತಿ ಇವರೇ ಅಂತ ಖಚಿತವಾದರೆ ಒಂದಿಷ್ಟು ಶುಲ್ಕಕ್ಕೆ ಈಗಿನ ವಿಳಾಸ ಕೊಡುತ್ತಾರೆ. ವಿಳಾಸಕ್ಕೆ ತಡೆ ಹಾಕಿಸಿಕೊಂಡವರಾದರೆ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಚೆದುರಿದ ಕುಟುಂಬವಾದರೆ ಜರ್ಮನ್ ರೆಡ್ ಕ್ರಾಸ್‌ನ ಹುಡುಕಾಟ ವಿಭಾಗ ಇದೆ. ನಾಜಿಗಳ ಕಿರುಕುಳಕ್ಕೆ ಸಿಕ್ಕವರ ಬಗ್ಗೆ ಆರೊಲ್ಸನ್ ಆರ್ಕೈವ್ಸ್ ನೋಡಿ.

ನೆಂಟರ ವಿಳಾಸ ಸಿಕ್ಕ ಮೇಲೆ ಫೋನ್ ಬೇಡ, ಕಾಗದ ಬರೆಯಿರಿ. ಜರ್ಮನ್‌ನಲ್ಲಿ, ಒಂದೇ ಪುಟ. ಎಲ್ಲಿಂದಲೋ ಬಂದ ನೆಂಟ ಅಂದರೆ ಆಸ್ತಿ ಕೇಳಲು ಬಂದವನು ಅಂತ ಯಾರಿಗಾದರೂ ಅನುಮಾನ ಬಂದೀತು. ನಿಮಗೆ ಬೇಕಾದದ್ದು ಕುಟುಂಬದ ಕಥೆ ಮಾತ್ರ ಅಂತ ಎರಡನೇ ಸಾಲಲ್ಲೇ ಹೇಳಿಬಿಡಿ. ಜೊತೆಗೆ ಇಬ್ಬರಿಗೂ ಸೇರಿದ ಅಜ್ಜ–ಅಜ್ಜಿಯಿಂದ ಶುರುವಾಗುವ ಸಣ್ಣ ವಂಶವೃಕ್ಷ ಇಡಿ. ಒಂದು ಕೊಂಬೆಯಲ್ಲಿ ನಿಮ್ಮ ಹೆಸರು ಬರೆಯಿರಿ. ಇನ್ನೊಂದು ಕೊಂಬೆಯ ತುದಿಯಲ್ಲಿ ಒಂದು ಖಾಲಿ ಚೌಕ ಬಿಡಿ, ಅವರೇ ತುಂಬಲಿ.