ನಿಮ್ಮ ಡಯಟ್ ಚಾರ್ಟ್ ತಿದ್ದೋರು ಯಾರು?

ಬಿ.ಎಸ್ಸಿ. ರಿಸಲ್ಟ್ ಬಂದ ಮೇಲೆ ದಾವಣಗೆರೆಯ ನಮ್ಮ ಒಪಿಡಿಗೆ ಕೆಲವರು ಕಾಯಿಲೆ ಇಲ್ಲದೆಯೂ ಬರುತ್ತಾರೆ. ಅಪ್ಪ, ಅಮ್ಮ, ನಡುವೆ ಮಗಳು. 'ಡಯಟೀಷಿಯನ್ ಆಗ್ತಾಳಂತ್ರೀ ಮೇಡಂ. ಎಂ.ಎಸ್ಸಿ. ಮಾಡಿಸ್ಬೇಕಾ, ಆನ್‌ಲೈನ್ ಸರ್ಟಿಫಿಕೇಟ್ ಸಾಕಾ?'

ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಅಂದ್ರೆ ಸರ್ಟಿಫಿಕೇಟ್ ಸಾಲದು. ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಆರ್‌ಡಿ (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆಗೆ ಕೂರಲು ಪೌಷ್ಟಿಕತೆಯಲ್ಲಿ ಸ್ನಾತಕೋತ್ತರ ಓದು ಬೇಕು, ಜೊತೆಗೆ ಆಸ್ಪತ್ರೆಯ ಇಂಟರ್ನ್‌ಶಿಪ್ ಬೇಕು. ಅಲೈಡ್ ಹೆಲ್ತ್‌ಕೇರ್ (ಚಿಕಿತ್ಸೆಗೆ ನೆರವಾಗುವ) ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಡಯಟೀಷಿಯನ್ ಕೂಡ ಇದ್ದಾರೆ. ಅಮೆರಿಕದ ಕನಸು ಇರುವವರಿಗೆ ಇನ್ನೊಂದು ಮಾತು. ಅಲ್ಲಿ ಮೊದಲು ಡಿಗ್ರಿ ಇದ್ದರೆ ಪರೀಕ್ಷೆ ಬರೆಯಬಹುದಿತ್ತು. 2024ರ ಜನವರಿ 1ರಿಂದ ಮಾಸ್ಟರ್ಸ್ ಕಡ್ಡಾಯ. ಹಿರಿಯರ ಕೈಕೆಳಗೆ ಕನಿಷ್ಠ 1000 ಗಂಟೆ ಕೆಲಸ ಕಲಿತಿರಬೇಕು. ಅದಕ್ಕೇ ಅಲ್ಲಿ ಓದು, ಇಂಟರ್ನ್‌ಶಿಪ್ ಎರಡನ್ನೂ ಒಂದೇ ಕೋರ್ಸಿನಲ್ಲಿ ಸೇರಿಸುವುದು ಹೆಚ್ಚುತ್ತಿದೆ.

ಅಂದಹಾಗೆ, ಫುಡ್ ಟೆಕ್ನಾಲಜಿ ಬೇರೆ. ಅದು ಆಹಾರ ತಯಾರಿಸುವ, ಕೆಡದಂತೆ ಇಡುವ ವಿದ್ಯೆ. ಒಳ್ಳೆಯದೇ, ಆದ್ರೆ ವಾರ್ಡಿಗೆ ಕರೆತರುವುದಿಲ್ಲ. ಹೆಸರು ನೋಡಿ ಸೀಟು ತಗೊಂಡು ಆಮೇಲೆ ಪೇಚಾಡುವವರು ಪ್ರತಿ ವರ್ಷ ಸಿಗುತ್ತಾರೆ.

ಓದಿನ ಜೊತೆಗೇ ವಾರ್ಡ್ ಯಾಕೆ ಬೇಕು? ಡಯಾಲಿಸಿಸ್ ರೋಗಿಗೆ ಪೊಟ್ಯಾಸಿಯಂ ಕಮ್ಮಿ ಕೊಡಬೇಕು ಅಂತ ಎಲ್ಲ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಚಾರ್ಟ್ ಕೂಡ ಚೆಂದ ಮಾಡುತ್ತಾರೆ. ವಾರ್ಡಿಗೆ ಬಂದರೆ ಮಂಚದ ಕೆಳಗೆ ಎಳನೀರು ಇರುತ್ತದೆ! ನೋಡಲು ಬಂದ ನೆಂಟರು ಪ್ರೀತಿಯಿಂದ ತಂದದ್ದು. 'ತಂಪು ಅಲ್ವೇನ್ರೀ, ಅವರಿಗೆ ಉಷ್ಣ ಜಾಸ್ತಿ ಆಗೈತಿ' ಅನ್ನುತ್ತಾರೆ ಮನೆಯವರು. 100 ಮಿ.ಲೀ. ಎಳನೀರಲ್ಲಿ ಸುಮಾರು 250 ಮಿ.ಗ್ರಾಂ. ಪೊಟ್ಯಾಸಿಯಂ ಇದೆ. ಒಂದು ಕಾಯಿಯಲ್ಲಿ 300 ಮಿ.ಲೀ. ಇದ್ದರೆ 750 ಮಿ.ಗ್ರಾಂ. ಆಯ್ತು. ಇಡೀ ದಿನಕ್ಕೆ 2000ದ ಆಸುಪಾಸಿನಲ್ಲಿ ನಿಲ್ಲಿಸಬೇಕಾದ ರೋಗಿಗೆ ಇದು ಸಣ್ಣ ಮಾತಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಆದ್ರೆ ಇಷ್ಟನ್ನೂ ಇಂಟರ್ನ್ ಆ ಮನೆಯವರ ಮುಂದೆ ಒಪ್ಪಿಸಿದರೆ ಅವರು ತಲೆಯಾಡಿಸುತ್ತಾರೆ, ಸಂಜೆ ಕುಡಿಸುತ್ತಾರೆ. ಎಳನೀರು ತಪ್ಪಲ್ಲ, ಈಗ ಇವರ ಕಿಡ್ನಿಗೆ ಅದನ್ನು ಹೊರಹಾಕಲು ಆಗುತ್ತಿಲ್ಲ ಅಂತ ಅವರ ಮಾತಲ್ಲೇ ಹೇಳಬೇಕು. ಪೊಟ್ಯಾಸಿಯಂ ಕಮ್ಮಿಯಾಗಲು ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲೋದನ್ನು ತೋರಿಸಬೇಕು. ಹಿರಿಯರು ಪಕ್ಕದಲ್ಲಿ ನಿಂತು ಹೀಗೆ ಮಾತಾಡುವುದನ್ನು ನೋಡಿಯೇ ಇದು ಬರುವುದು.

ಮುದ್ದೆಯ ಕಥೆಯೂ ಅಷ್ಟೇ. ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟಾದರೂ ತಿನ್ನಬಹುದು ಅಂತ ಹಿರಿಯೂರು, ಚಳ್ಳಕೆರೆ ಕಡೆಯಿಂದ ಬರುವವರು ನಂಬಿರುತ್ತಾರೆ. 100 ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಆದ್ರೆ ಎರಡು ದೊಡ್ಡ ಮುದ್ದೆ ನುಂಗಿದರೆ ಆ ಲಾಭ ಎಲ್ಲಿ ಉಳಿಯಿತು? ಹಾಗಂತ 'ಮುದ್ದೆ ಬಿಡಿ, ಓಟ್ಸ್ ತಿನ್ನಿ' ಅಂತ ಚಾರ್ಟ್ ಬರೆದ ಇಂಟರ್ನ್‌ಗೆ ನಾನು ಹಾಳೆ ವಾಪಸ್ ಕೊಡುತ್ತೇನೆ. ಮುದ್ದೆಯ ಗಾತ್ರ ಕೇಳಿದೆಯಾ? ಸಾರಲ್ಲಿ ಕಾಳು ಎಷ್ಟು, ಸೊಪ್ಪು ಎಷ್ಟು? ಹೊಲಕ್ಕೆ ಹೋಗೋದು ಎಷ್ಟೊತ್ತಿಗೆ? ಮನೆಯಲ್ಲಿ ಅಡುಗೆ ಮಾಡೋರು ಯಾರು? ಇಷ್ಟು ಕೇಳಿ ಬಂದು ಮತ್ತೆ ಬರಿ.

ಮೂಗಿನ ಟ್ಯೂಬಿನಿಂದ ಊಟ ಕೊಡುವುದಂತೂ ಪುಸ್ತಕದಲ್ಲಿ ಕಲಿಯುವ ಕೆಲಸವೇ ಅಲ್ಲ. ಗಂಜಿ ಸರಿಯಾಗಿ ಸೋಸದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸದಿದ್ದರೆ ಊಟ ಶ್ವಾಸಕೋಶಕ್ಕೆ ಹೋಗಬಹುದು. ಬಹಳ ದಿನ ಊಟ ಬಿಟ್ಟವರಿಗೆ ಒಮ್ಮೆಗೇ ತುಂಬಾ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ. ಇಲ್ಲಿ ಕಲಿಯುವವರ ಕೈ ಮೇಲೆ ಇನ್ನೊಂದು ಕೈ ಇರಲೇಬೇಕು.

ಎರಡು ವರ್ಷ ಬರೀ ಕ್ಲಾಸು, ಕೊನೆಗೆ ಇಂಟರ್ನ್‌ಶಿಪ್ ಅನ್ನುವ ಪದ್ಧತಿ ನನಗೆ ಅಷ್ಟು ಹಿಡಿಸುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಓದಿದ್ದು ವಾರ್ಡಿಗೆ ಬರುವ ಹೊತ್ತಿಗೆ ಮರೆತಿರುತ್ತದೆ. ಬೆಳಿಗ್ಗೆ ಕಿಡ್ನಿ ಪಾಠ ಕೇಳಿ ಮಧ್ಯಾಹ್ನ ಡಯಾಲಿಸಿಸ್ ಘಟಕಕ್ಕೆ ಬಂದವರ ಪ್ರಶ್ನೆಗಳೇ ಬೇರೆ. ಸುಸ್ತಾಗುತ್ತದೆ, ನಿಜ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ತಿಂಗಳಲ್ಲಂತೂ ನಿದ್ದೆ ಇರುವುದಿಲ್ಲ.

ಬೆಂಗಳೂರಿಗೇ ಹೋಗಬೇಕಾ ಅಂತ ಕೇಳುತ್ತಾರೆ. ಎಂ.ಎಸ್ಸಿ. ಮೈಸೂರು ವಿಶ್ವವಿದ್ಯಾಲಯದಲ್ಲಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಇದೆ. ರೋಗಿಗಳಿಗಂತೂ ನಮ್ಮೂರಲ್ಲಿ ಬರ ಇಲ್ಲ. ಎರಡು ಮೆಡಿಕಲ್ ಕಾಲೇಜು, ಜೊತೆಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಅಕ್ಕಪಕ್ಕದ ಜಿಲ್ಲೆಯವರೂ ಇಲ್ಲಿಗೇ ಬರುತ್ತಾರೆ. ಆದ್ರೆ ಇಂಟರ್ನ್‌ಶಿಪ್‌ಗೆ ಯಾವ ಆಸ್ಪತ್ರೆ ಸೇರುವುದಿದ್ದರೂ ಮೊದಲು ವಿಚಾರಿಸಿ: ಅಲ್ಲಿ ಅರ್ಹತೆ ಇರುವ ಡಯಟೀಷಿಯನ್ ಇದ್ದಾರಾ? ನಾನು ಬರೆದ ಚಾರ್ಟನ್ನು ರೋಗಿಗೆ ಕೊಡುವ ಮುಂಚೆ ಅವರು ನೋಡಿ ತಿದ್ದುತ್ತಾರಾ? ಐಸಿಯುಗೆ ಬಿಡ್ತಾರಾ, ಇಲ್ಲ ಅಡುಗೆಮನೆಯಲ್ಲಿ ತಟ್ಟೆ ಲೆಕ್ಕ ಬರೆಸಿ ಕಳಿಸ್ತಾರಾ? ಅಡುಗೆಮನೆಯೂ ಬೇಕು, ಅದೊಂದೇ ಆಗಬಾರದು. ನಿಮ್ಮ ಕೋರ್ಸಿಗೆ ಎಷ್ಟು ತಿಂಗಳ ಇಂಟರ್ನ್‌ಶಿಪ್ ಬೇಕು, ಆ ಆಸ್ಪತ್ರೆಯ ಪತ್ರ ಆರ್‌ಡಿಗೆ ನಡೆಯುತ್ತಾ ಅನ್ನುವುದನ್ನು ಸೇರುವ ಮುಂಚೆಯೇ ಬರವಣಿಗೆಯಲ್ಲಿ ತಗೊಳ್ಳಿ. ಎಷ್ಟೋ ಕಡೆ ಸ್ಟೈಪೆಂಡ್ ಇರುವುದಿಲ್ಲ, ಕೆಲವು ಕಡೆ ನೀವೇ ಫೀಸು ಕಟ್ಟಬೇಕು. ಹಾಸ್ಟೆಲ್ ಖರ್ಚಿನ ಜೊತೆ ಅದನ್ನೂ ಸೇರಿಸಿ ಮನೆಯಲ್ಲಿ ಮಾತಾಡಿ.