ನೆಲದ ನಡುಕ ಕೇಳಬೇಕು, ಬ್ಯಾಟರಿಯೂ ಉಳಿಯಬೇಕು

ಚಿತ್ರದುರ್ಗದ ಕಡೆ ಭೂಕಂಪದ ಸೆನ್ಸರ್ ಅಂದರೆ ಜನ ನಗುತ್ತಾರೆ. ಗಟ್ಟಿ ಬಂಡೆಯ ಊರು, ಇಲ್ಲೇನು ನಡುಗೀತು ಅಂತ. 1993ರ ಭೂಕಂಪಕ್ಕೆ ಮೊದಲು ಮಹಾರಾಷ್ಟ್ರದ ಲಾತೂರಿನ ನೆಲವನ್ನೂ ಹೀಗೇ ನಂಬಿದ್ದರು. ಸಣ್ಣ ಕಂಪನ ಸಿಗಬೇಕಾದರೆ ಸೆನ್ಸರ್‌ಗಳು ಹತ್ತಿರ ಹತ್ತಿರ ಇರಬೇಕು. ಕರೆಂಟ್ ಇಲ್ಲದ ಗುಡ್ಡದಲ್ಲಿ ಪುಟ್ಟ ಸೋಲಾರ್ ಪ್ಯಾನೆಲ್ ನೆಚ್ಚಿಕೊಂಡು ಬದುಕಬೇಕು.

ಕಂಪನ ಹಿಡಿಯುವ ಜಿಯೋಫೋನ್ ಬ್ಯಾಟರಿ ಮುಟ್ಟುವುದೇ ಇಲ್ಲ. ಅದರೊಳಗಿರುವುದು ಅಯಸ್ಕಾಂತ, ಸ್ಪ್ರಿಂಗು, ತಂತಿ ಸುರುಳಿ, ಅಷ್ಟೇ. ಬ್ಯಾಟರಿ ಕುಡಿಯುವುದು ಅಳತೆಗಳನ್ನು ದೂರಕ್ಕೆ ಕಳಿಸುವ ರೇಡಿಯೋ. ಲೆಕ್ಕ ಹಾಕಿ: ಮೂರು ದಿಕ್ಕಿನ ಕಂಪನ, ಸೆಕೆಂಡಿಗೆ 100 ಸಲ, ಪ್ರತಿ ಅಳತೆಗೆ 3 ಬೈಟ್. ಸೆಕೆಂಡಿಗೆ 7,200 ಬಿಟ್ ಆಯಿತು. ಕಿಲೋಮೀಟರ್‌ಗಟ್ಟಲೆ ಮುಟ್ಟುವ ಲೋರಾ ರೇಡಿಯೋ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸುಮಾರು 5,500 ಬಿಟ್ ಕಳಿಸಿದರೆ ಜಾಸ್ತಿ. ಎಲ್ಲವನ್ನೂ ಕಳಿಸುವ ಆಸೆ ಅಲ್ಲಿಗೇ ಮುಗಿಯಿತು.

ಹಾಗಾಗಿ ಸೆನ್ಸರ್ ತಾನೇ ಯೋಚಿಸಬೇಕು. ಕಳೆದ ಒಂದು ಸೆಕೆಂಡಿನ ಅಲುಗಾಟ ಹಿಂದಿನ ಅರ್ಧ ನಿಮಿಷದ ಸರಾಸರಿಗಿಂತ ಮೂರ್ನಾಲ್ಕು ಪಟ್ಟು ಏರಿದರೆ ಮಾತ್ರ ಹತ್ತಾರು ಬೈಟಿನ ಸುದ್ದಿ ಹೊರಡುತ್ತದೆ. ಪೂರ್ತಿ ದಾಖಲೆ ಮೆಮೊರಿ ಕಾರ್ಡಿನಲ್ಲೇ ಇರುತ್ತದೆ.

ನಮ್ಮ ಕಡೆ ಇಷ್ಟೇ ಸಾಲದು. ಕ್ವಾರಿ ಬ್ಲಾಸ್ಟಿಂಗ್, ಜಲ್ಲಿ ಲಾರಿ, ಬೋರ್‌ವೆಲ್ ಮೋಟಾರು, ಜೋಗಿಮಟ್ಟಿ ಕಡೆಯ ಗಾಳಿಯಂತ್ರ, ಎಲ್ಲವೂ ನೆಲ ಅಲುಗಿಸುತ್ತವೆ. ಒಂದೇ ಸೆನ್ಸರ್ ಕೂಗಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಲಾರಿಯೇ ಇರಬೇಕು. ನಾಲ್ಕೈದು ಒಟ್ಟಿಗೆ ಕೂಗಿದರೆ ನೋಡಬೇಕು. ಬ್ಲಾಸ್ಟಿಂಗ್ ಕೂಡ ಹಾಗೇ ಕೂಗಿಸುತ್ತದೆ, ಆದರೆ ಬಾಲ ಬಿಟ್ಟು ಹೋಗುತ್ತದೆ. ಬಂಡೆಯೊಳಗಿನ ಅಲೆ 5 ಕಿಲೋಮೀಟರನ್ನು ಒಂದು ಸೆಕೆಂಡಿನ ಆಸುಪಾಸಿನಲ್ಲಿ ದಾಟುತ್ತದೆ. ಗಾಳಿಯಲ್ಲಿ ಬರುವ ಸದ್ದಿಗೆ ಸುಮಾರು 15 ಸೆಕೆಂಡ್ ಬೇಕು. ತಡವಾಗಿ ಇನ್ನೊಂದು ಏಟು ಬಿತ್ತೋ, ಅದು ಕ್ವಾರಿ. ಸದ್ದು ಕೇಳದಷ್ಟು ದೂರದ ಕ್ವಾರಿಗೆ ಈ ಉಪಾಯ ನಡೆಯದು.

ನಿಜವಾದ ತಲೆನೋವು ಗಡಿಯಾರ. ಅಲೆ ಯಾವ ಸೆನ್ಸರ್‌ಗೆ ಯಾವಾಗ ಮುಟ್ಟಿತು ಅಂತ ಹೋಲಿಸಿಯೇ ಕಂಪನ ಎಲ್ಲಿ ಹುಟ್ಟಿತು ಅಂತ ಲೆಕ್ಕ ಹಾಕುವುದು. ಸಮಯದಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಪಾಲು ತಪ್ಪಿದರೂ ಅಲೆಯ ಲೆಕ್ಕ 50-60 ಮೀಟರ್ ಆಚೀಚೆ ಆಗುತ್ತದೆ. ಗಡಿಯಾರ ನಡೆಸುವ ಸ್ಫಟಿಕ, ಅಂದರೆ ಕ್ರಿಸ್ಟಲ್, ಅಗ್ಗದ್ದಾದರೆ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡ್‌ವರೆಗೂ ಜಾರಬಹುದು. ಮಧ್ಯಾಹ್ನದ ಬಿಸಿಲಿಗೆ ಒಂದು ಥರ, ರಾತ್ರಿಯ ತಂಪಿಗೆ ಇನ್ನೊಂದು ಥರ. ಉಪಗ್ರಹದಿಂದ ಸರಿಯಾದ ಸಮಯ ತರುವ ಜಿಪಿಎಸ್ ಸದಾ ಹಚ್ಚಿಟ್ಟರೆ ಸರಿಹೋಗುತ್ತದೆ, ಆದರೆ ಬ್ಯಾಟರಿ ಬರಿದಾಗುತ್ತದೆ. ಬಿಸಿಲಿಗೆ ಬಗ್ಗದ ಒಳ್ಳೆ ಕ್ರಿಸ್ಟಲ್ ಹಾಕಿ, ಗಂಟೆಗೊಮ್ಮೆ ಜಿಪಿಎಸ್ ಎಬ್ಬಿಸಿ ಸಮಯ ಸರಿಪಡಿಸುವುದು ನನ್ನ ಪದ್ಧತಿ. ದುಡ್ಡು ಉಳಿಸಬೇಕಾದರೆ ಡಬ್ಬಿಯಲ್ಲಿ, ಕಂಬದಲ್ಲಿ ಉಳಿಸಿ, ಕ್ರಿಸ್ಟಲ್‌ನಲ್ಲಿ ಬೇಡ.